ಕೃಷ್ಣವೇಣಿಯ ಬಾಯಿಗೆ ಬಾರದ ‘ಗೋ’

ಮದುವೆಯಾದಾಗಿನಿಂದ ಕೃಷ್ಣವೇಣಿ ಗಂಡನಿಗೆ ಒಂದು ಸಲವೂ ಬರೀ "ಹೋಗಿ" ಅಂದವಳಲ್ಲ. ಆಫೀಸಿಗೆ ಹೊರಟರೆ "ಹೋಗಿ ಬನ್ನಿ." ತರಕಾರಿಗೆ ಹೊರಟರೆ "ಬೇಗ ಬನ್ನಿ." ಸ್ನಾನಕ್ಕೆ ಹೋಗಿ ಅನ್ನಬೇಕಾದ ಕಡೆ "ನೀರು ಕಾದಿದೆ." ಜಗಳವಾಡಿ ಮುಖ ನೋಡಲು ಮನಸ್ಸಿಲ್ಲದ ದಿನ ಕೂಡ "ಆಚೆ ಜಗಲಿಯಲ್ಲಿ ಗಾಳಿ ಚೆನ್ನಾಗಿದೆ" ಅನ್ನುತ್ತಿದ್ದಳೇ ಹೊರತು, ಎದ್ದು ಹೋಗಿ ಎಂಬ ಮಾತು ಅವಳ ಹಲ್ಲು ದಾಟಿ ಬಂದದ್ದಿಲ್ಲ.

ಇದು ಅವಳಿಗೆ ತವರಿನಿಂದ ಬಂದದ್ದು. ಯಲಹಂಕದ ಹಳೇ ಊರಿನಲ್ಲಿ ಅವಳ ತಾಯಿ ಕೌಸಲ್ಯಮ್ಮನ ಮನೆ. ಆ ಮನೆಯಲ್ಲಿ ದೀಪ ಆರಿಸು ಅನ್ನುವಂತಿರಲಿಲ್ಲ, ಅಕ್ಕಿ ಮುಗಿಯಿತು ಅನ್ನುವಂತಿರಲಿಲ್ಲ, ಹೊರಟವರನ್ನು ಎಲ್ಲಿಗೆ ಅಂತ ಕೇಳುವಂತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಚಾರವೆಂದರೆ ಹೊಸಲು ದಾಟುವವರಿಗೆ ಹೋಗು ಅನ್ನುವುದು. ಅದಕ್ಕೊಂದು ಸಾಕ್ಷಿಯೂ ಇತ್ತು. ಮಕ್ಕಳು ಬಾಯಿ ತಪ್ಪಿ "ಹೋಗ್ತೀನಮ್ಮಾ" ಅಂದರೆ ಕೌಸಲ್ಯಮ್ಮ ಲಟ್ಟಣಿಗೆ ಕೆಳಗಿಟ್ಟು ಹೇಳುತ್ತಿದ್ದಳು: "ನಿಮ್ಮ ತಾತ ಒಂದು ದಿನ ಬೆಳಿಗ್ಗೆ ಉತ್ತರೀಯ ಕೊಡವಿ ಹೆಗಲ ಮೇಲೆ ಹಾಕ್ಕೊಂಡು ‘ಹೋಗ್ತೀನಿ’ ಅಂದ್ರು. ನಿಮ್ಮಜ್ಜಿ ಒಲೆ ಮುಂದೆ ಇದ್ದವಳು ಯೋಚನೆ ಮಾಡದೆ ‘ಹೂಂ, ಹೋಗಿ’ ಅಂದಳು. ಅಷ್ಟೇ. ಮತ್ತೆ ಬರಲೇ ಇಲ್ಲ."

ಅಷ್ಟು ಹೇಳಿ ಅವಳು ಮತ್ತೆ ಚಪಾತಿ ಲಟ್ಟಿಸುತ್ತಿದ್ದಳು. ಮುಂದೇನಾಯಿತು ಅಂತ ಕೇಳುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ. ತಾತನಿಗೆ ದಾರಿಯಲ್ಲಿ ಹಾವು ಕಚ್ಚಿರಬೇಕು ಅಂತ ಕೃಷ್ಣವೇಣಿ ಅಂದುಕೊಂಡಿದ್ದಳು. ರೈಲಿಗೆ ಸಿಕ್ಕಿರಬೇಕು ಅಂತ ಅವಳ ತಮ್ಮ ಶೇಷಗಿರಿಯ ಲೆಕ್ಕ.

ಹೀಗೆ ಬೆಳೆದವಳನ್ನು ಕೈಹಿಡಿದವರು ಸೇತುರಾಮಯ್ಯ, ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಗುಮಾಸ್ತರು. ಮನೆ ಆರ್.ಟಿ. ನಗರದಲ್ಲಿ. ಆಗಿನ್ನೂ ಆರ್.ಟಿ. ನಗರದಲ್ಲಿ ಎರಡು ಮನೆಗಳ ನಡುವೆ ಒಂದು ಖಾಲಿ ಸೈಟು, ಸೈಟಿನಲ್ಲಿ ರಾಗಿ. ಇವರ ಮನೆಯ ಎದುರಿಗೆ ಹಳ್ಳಿಯ ಕಾಲದಿಂದ ಇದ್ದ ಮುನಿಯಲ್ಲಪ್ಪನ ಮನೆ, ಕೊಟ್ಟಿಗೆ, ಹುಲ್ಲಿನ ಮೆದೆ. ಎರಡು ಮನೆಗಳ ನಡುವೆ ಸಣ್ಣ ರಸ್ತೆ. ರಸ್ತೆಯ ಆ ಅಂಚಿಗೆ, ಮುನಿಯಲ್ಲಪ್ಪನ ಮನೆಗೆ ಸೇರಿದಂತೆ, ಬಾಯಿ ತೆರೆದುಕೊಂಡ ಮೋರಿ.

ಈ ಮೋರಿಯ ಮಾತು ಮುಖ್ಯ. ಯಾಕೆಂದರೆ ಎಂಬತ್ತೊಂದನೇ ಇಸವಿಯಲ್ಲಿ ಸೇತುರಾಮಯ್ಯ ಕಾರು ತಂದರು. ಹಳೆಯ ಹೆರಾಲ್ಡ್ ಕಾರು, ಹಾಲಿನ ಕೆನೆಯ ಬಣ್ಣ. ಗೇಟಿನಿಂದ ಒಳಗೆ ಮುಖ ಮಾಡಿ ನುಗ್ಗಿಸಿದರೆ ತುಳಸಿಕಟ್ಟೆಗೆ ಮೊಳದಷ್ಟು ದೂರದಲ್ಲಿ ನಿಲ್ಲುತ್ತಿತ್ತು. ಹೊರಗೆ ತೆಗೆಯಬೇಕೆಂದರೆ ಹಿಂದಕ್ಕೇ ಬಿಡಬೇಕು. ಹಿಂದಕ್ಕೆ ನೋಡಬೇಕೆಂದರೆ ಕತ್ತು ತಿರುಗಬೇಕು. ಸೇತುರಾಮಯ್ಯನವರ ಕತ್ತು ತಿರುಗುತ್ತಿರಲಿಲ್ಲ. ಜೀವಮಾನವೆಲ್ಲ ಫೈಲಿನ ಮೇಲೆ ಬಗ್ಗಿ ಬಗ್ಗಿ ಅದು ಹಿಡಿದುಕೊಂಡು, ಡಾಕ್ಟರು ಪಟ್ಟಿ ಕಟ್ಟಿಕೊಳ್ಳಿ ಅಂದಿದ್ದರು. ಪಟ್ಟಿ ಕಟ್ಟಿ ಸ್ಟೀರಿಂಗ್ ಮುಂದೆ ಕೂತರೆ ಅವರು ಮೆರವಣಿಗೆಯ ಉತ್ಸವಮೂರ್ತಿಯ ಹಾಗೆ ಕಾಣುತ್ತಿದ್ದರು. ಮುಂದೆ ಮಾತ್ರ ದೃಷ್ಟಿ.

ಆದ್ದರಿಂದ ಹಿಂದೆ ನಿಂತು ದಾರಿ ಹೇಳುವ ಕೆಲಸ ಕೃಷ್ಣವೇಣಿಯದಾಯಿತು.

ಕಾರು ಬೇಡ ಅಂತ ಅವಳು ಮೊದಲು ಗೊಣಗಿದ್ದೇನೋ ನಿಜ. ಆದರೆ ಮೊದಲ ಭಾನುವಾರ ಹೆಬ್ಬಾಳದ ಕೆರೆ ಏರಿ ದಾಟಿ, ಜಕ್ಕೂರಿನ ವಿಮಾನದ ಮೈದಾನ ದಾಟಿ, ಅಡುಗೆ ಮಾಡಿಟ್ಟ ಪಾತ್ರೆ ಬಿಸಿಯಿರುವಾಗಲೇ ಯಲಹಂಕದ ಮನೆ ಬಾಗಿಲಿಗೆ ಇಳಿದಾಗ ಅವಳ ಮನಸ್ಸು ಬದಲಾಯಿತು. ಅಲ್ಲಿಯವರೆಗೆ ತವರಿಗೆ ಹೋಗುವುದೆಂದರೆ ಎರಡು ಬಸ್ಸು, ಹೆಬ್ಬಾಳದ ಬಿಸಿಲಲ್ಲಿ ಕಾಯುವುದು, ಹೋದ ಕಾಲಲ್ಲೇ ವಾಪಸು ಹೊರಡುವುದು. ಹಬ್ಬಕ್ಕೊಂದು ಸಲ ಆದರೆ ಹೆಚ್ಚು. ಕೌಸಲ್ಯಮ್ಮನಿಗೆ ಆಗಲೇ ನಡೆಯಲು ಕಷ್ಟ. ಕಾರು ಬಂದ ಮೇಲೆ ಅವಳು ಭಾನುವಾರ ತಲೆ ಬಾಚಿಕೊಂಡು ಜಗಲಿಯ ಮೇಲೆ ಕೂತುಬಿಡುತ್ತಿದ್ದಳು, ಕೆನೆ ಬಣ್ಣ ಬೀದಿ ತಿರುವಿನಲ್ಲಿ ಕಾಣುವವರೆಗೆ. ಕೃಷ್ಣವೇಣಿಗೆ ಕಾರು ಅಂದರೆ ಅಮ್ಮನ ಭಾನುವಾರ.

ಆದರೆ ಕಾರಿಗೂ ಮೋರಿಗೂ ಯಾವ ಜನ್ಮದ ಋಣವೋ.

ಮೂರನೆಯ ಭಾನುವಾರವೇ ಅದು ಆಯಿತು. ಕೃಷ್ಣವೇಣಿ ರಸ್ತೆಯಲ್ಲಿ ನಿಂತು "ಬನ್ನಿ, ಬನ್ನಿ, ಬನ್ನಿ" ಅಂದಳು. ಕಾರು ಬಂತು. ಬರುತ್ತಾ ಬರುತ್ತಾ ಚಕ್ರ ಮೋರಿಯ ಅಂಚಿಗೆ ಬಂತು. ಈಗ ಹೇಳಬೇಕಾದ ಮಾತು "ಸಾಕು, ಮುಂದಕ್ಕೆ ಹೋಗಿ." ಆ ಮಾತು ಹೇಳುವಂತಿರಲಿಲ್ಲ. ಒಂದು, ಅದು ಹೋಗಿ. ಎರಡು, ಮುಂದಕ್ಕೆ ಹೋಗಿ ಅಂತ ಹೇಳುವುದು ಗೇಟಿನ ಹತ್ತಿರ ಬಂದ ಭಿಕ್ಷುಕರಿಗೆ. ಭಾನುವಾರ ಬೆಳಿಗ್ಗೆ, ಇಸ್ತ್ರಿ ಅಂಗಿ ಹಾಕಿಕೊಂಡ ಗಂಡನಿಗೆ ಅದನ್ನು ಹೇಗೆ ಹೇಳುವುದು? ಅವಳು ಎರಡೂ ಕೈಗಳನ್ನು ಮನೆಯ ಕಡೆಗೆ ಬೀಸುತ್ತಾ "ಮುಂದಕ್ಕೆ ಬನ್ನಿ" ಅಂದಳು. ಎಂಜಿನ್ನಿನ ಸದ್ದಿಗೆ ಮುಂದಕ್ಕೆ ಎಂಬುದು ಎಲ್ಲೋ ಹೋಯಿತು, ಬನ್ನಿ ಮಾತ್ರ ಸೇತುರಾಮಯ್ಯನವರ ಕಿವಿಗೆ ಬಿತ್ತು. ಅವರು ಬಂದರು. ಮೋರಿಯೊಳಗೇ ಬಂದರು.

ಮುನಿಯಲ್ಲಪ್ಪ ಮತ್ತು ಅವನ ಹೆಂಡತಿ ಬೈರಮ್ಮ ಹಗ್ಗ ತಂದರು. ಕಾರು ಮೇಲೆ ಬಂತು.

"ಬನ್ನಿ ಅಂತೀಯಲ್ಲೇ, ಮೋರೀಲಿ ಯಾವ ನೆಂಟರಿದ್ದಾರೆ?" ಅಂದರು ಸೇತುರಾಮಯ್ಯ.

ಮುಂದಿನ ವಾರ ಅವರು ಹೆಂಡತಿಯನ್ನು ಒಳಗೆ ಕೂರಿಸಿ ಮುನಿಯಲ್ಲಪ್ಪನನ್ನು ಹಿಂದೆ ನಿಲ್ಲಿಸಿದರು. ಅವನು ಹುಟ್ಟಿದಾಗಿನಿಂದ ಗಾಡಿ ಹೊಡೆದವನು. ಎತ್ತು ನಿಲ್ಲಿಸುವ ಹಾಗೆ "ಹೋ, ಹೋ" ಅಂದ. ಸೇತುರಾಮಯ್ಯ ಹೋದರು. ಮೋರಿ ತಪ್ಪಿತು, ಕಾರು ಓರೆಯಾಗಿ ಕೊಟ್ಟಿಗೆಯ ಮುಂದಿನ ಕಲ್ಲುಚಪ್ಪಡಿ ಹತ್ತಿ ಹುಲ್ಲಿನ ಮೆದೆಗೆ ನುಗ್ಗಿತು. ಎಮ್ಮೆಯೊಂದು ಕಟ್ಟು ಕಿತ್ತುಕೊಂಡು ಗಂಗಾನಗರದ ಕಡೆಗೆ ಓಡಿತು.

"ನಮ್ ಎತ್ಗೊಳು ಇಂಗ್ ಮಾಡಾಕಿಲ್ಲ ಬುಡಿ ಸಾಮಿ," ಅಂದ ಮುನಿಯಲ್ಲಪ್ಪ, ಕಾರಿನ ತಲೆಯ ಮೇಲಿನ ಹುಲ್ಲು ತೆಗೆಯುತ್ತಾ. ಆಮೇಲೆ ಭಾನುವಾರ ಬೆಳಿಗ್ಗೆ ಅವನು ಎಮ್ಮೆಗಳನ್ನು ಹೊಡೆದುಕೊಂಡು ಕೆರೆಯ ಕಡೆಗೆ ಹೊರಟುಬಿಡುತ್ತಿದ್ದ.

ಮೆದೆಗೆ ನುಗ್ಗಿದ ದಿನ ಸಂಜೆ ಸೇತುರಾಮಯ್ಯ ಕಾಫಿ ಕುಡಿಯುತ್ತಾ ಗಂಭೀರವಾಗಿ ಹೇಳಿದರು. "ಗ್ಯಾರೇಜಿನ ಪಂಚಪ್ಪ ಕಾರು ಕೊಡ್ತೀರಾ ಅಂತ ಕೇಳ್ತಿದ್ದಾನೆ. ಇನ್ನೊಂದು ಸಲ ಚಕ್ರ ಮೋರಿಗಿಳಿದರೆ ಕೊಟ್ಟುಬಿಡ್ತೀನಿ. ಬೀದಿಯವರೆಲ್ಲ ಹಗ್ಗ ಹಿಡ್ಕೊಂಡು ಕಾಯ್ತಾರೆ, ನನಗೆ ಮರ್ಯಾದೆ ಇಲ್ವಾ?"

ಜಗಲಿಯ ಮೇಲೆ ತಲೆ ಬಾಚಿ ಕೂತ ಅಮ್ಮ ಕೃಷ್ಣವೇಣಿಯ ಕಣ್ಣಿಗೆ ಬಂದಳು. "ನಾನೇ ಹೇಳ್ತೀನಿ," ಅಂದಳು. "ಹೇಗೆ ಹೇಳಬೇಕು ಅಂತ ಹೇಳಿಕೊಡಿ."

ಸೇತುರಾಮಯ್ಯನವರಿಗೆ ಹೇಳಿಕೊಡುವುದೆಂದರೆ ಹಬ್ಬ. ಅವರು ಕಾಫಿಯ ಲೋಟವನ್ನು ಡಬರಿಯಿಂದ ಎತ್ತಿ ಪಕ್ಕಕ್ಕಿಟ್ಟರು.

"ಇದು ಕಾರು. ಈ ಡಬರಿ ಮೋರಿ. ನೀನು ಮೋರಿ ಹತ್ತಿರ ನಿಂತಿದ್ದೀಯ."

"ಮೋರೀಲಿ ಕಾಫಿ ಇದೆ, ಕುಡಿದುಬಿಡಿ. ಆರಿಹೋಗುತ್ತೆ."

ಕುಡಿದರು. "ಈಗ ಕೇಳು. ಮುಂದೆ, ಹಿಂದೆ ಅನ್ನೋದು ಬೇಡ. ಎಂಜಿನ್ ಸದ್ದಿಗೆ ಎರಡರಲ್ಲೂ ಕೊನೇ ‘ದೆ’ ಮಾತ್ರ ಕೇಳಿಸುತ್ತೆ. ಇಂಗ್ಲಿಷಲ್ಲಿ ಎರಡು ಮಾತು ಇಟ್ಕೊಳ್ಳೋಣ. ಕಮ್ ಅಂದರೆ ಹಿಂದಕ್ಕೆ ಬರ್ತೀನಿ. ಗೋ ಅಂದರೆ ಮುಂದಕ್ಕೆ ಹೋಗ್ತೀನಿ."

"ಗೋ ಅಂದರೆ?"

"ಹೋಗು."

ಕೃಷ್ಣವೇಣಿ ಸೆರಗಿನ ತುದಿ ತಿರುವತೊಡಗಿದಳು. "ಅದು ಬೇಡ. ಬೇರೆ ಯಾವುದಾದರೂ ಇದ್ದರೆ ನೋಡಿ."

"ಇಂಗ್ಲಿಷಲ್ಲಿ ಹೇಳಿದರೆ ಯಾವ ದೋಷ ಕಣೇ? ಯಮನಿಗೆ ಇಂಗ್ಲಿಷ್ ಬರುತ್ತಾ?"

"ಇಷ್ಟು ಜನ ಇಂಗ್ಲಿಷಿನವರನ್ನ ಕರ್ಕೊಂಡು ಹೋಗಿದ್ದಾನಲ್ಲ, ಬರದೆ ಇರುತ್ತಾ?"

ಹೆಡ್ ಗುಮಾಸ್ತರ ಕಚೇರಿಯ ಇಂಗ್ಲಿಷಿನಲ್ಲಿ ಹೊರಡುವುದಕ್ಕೆ ಮಾತಿಗೇನು ಬರ. ಲೋಟವನ್ನು ಬೆರಳಲ್ಲಿ ತಳ್ಳುತ್ತಾ ಹೇಳಿದರು. "ಡಿಪಾರ್ಟ್ ಅನ್ನು. ರೈಲಿಗೆ ಹೇಳೋದು."

"ಡಿಪಾರ್ಟ್... ಇದನ್ನ ನೀವು ಹೋದ ತಿಂಗಳು ಬರೀತಾ ಇದ್ದಿರಿ. ನಿಮ್ಮ ಸೂಪರಿಂಟೆಂಡೆಂಟ್ ತೀರಿಕೊಂಡಾಗ."

ಬರೆದಿದ್ದರು. ಸಂತಾಪ ಸಭೆಯ ನಿರ್ಣಯ ಬರೆಯುವುದು ಕಚೇರಿಯಲ್ಲಿ ಅವರದೇ ಕೆಲಸ, ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೆಂಡತಿಗೆ ಅರ್ಥ ಹೇಳುವುದು ಅಭ್ಯಾಸ. ಡಿಪಾರ್ಟೆಡ್ ಸೋಲ್, ಅಗಲಿದ ಆತ್ಮ.

"ಸರಿ, ಪಾಸ್ ಅನ್ನು. ಮುಂದಕ್ಕೆ ದಾಟು ಅಂತ."

"ಪಾಸ್ಡ್ ಅವೇ ಅಂತಲೂ ಅದರಲ್ಲೇ ಇತ್ತು."

"ಲೀವ್?"

"ಲೆಫ್ಟ್ ಅಸ್ ಅಂತ ಬರೆದಿದ್ದಿರಿ. ನಮ್ಮನ್ನ ಬಿಟ್ಟು ಹೋದರು ಅಂತ ಅರ್ಥ ಹೇಳಿದಿರಿ. ನಾನು ಕಣ್ಣೀರು ಹಾಕಿದೆ."

ಸೇತುರಾಮಯ್ಯ ಲೋಟವನ್ನೇ ದಿಟ್ಟಿಸಿದರು. ಇಷ್ಟು ವರ್ಷ ತಾವು ಬರೆದ ಇಂಗ್ಲಿಷಿನಲ್ಲಿ ಹೊರಟವರು ಯಾರೂ ವಾಪಸು ಬಂದೇ ಇಲ್ಲ ಎಂಬುದು ಅವರಿಗೆ ಆಗಲೇ ಹೊಳೆದದ್ದು. "ಮೂವ್ ಅನ್ನಬಹುದಿತ್ತು," ಅಂದುಕೊಂಡರು, "ಆದರೆ ಅಲುಗಿದರೆ ಸಾಕು, ಯಾವ ಕಡೆಗೆ ಅಂತ ಅದು ಹೇಳಲ್ಲ." ಕೊನೆಗೆ ಮುಖ ಅರಳಿತು. "ಫಾರ್ವರ್ಡ್. ಇದರಲ್ಲಿ ಸಾವಿಲ್ಲ. ದಿನಾ ಫೈಲು ಫಾರ್ವರ್ಡ್ ಮಾಡ್ತೀವಿ."

"ಎಲ್ಲಿಗೆ?"

"ಮೇಲಕ್ಕೆ."

ಕೃಷ್ಣವೇಣಿ ಡಬರಿ, ಲೋಟ ಎರಡನ್ನೂ ತೊಳೆಯಲು ತೆಗೆದುಕೊಂಡು ಹೋದಳು.

ಗೋ ಎಂಬುದೇ ಗಟ್ಟಿ ಅಂತ ಕೊನೆಗೆ ಸೇತುರಾಮಯ್ಯ ತೀರ್ಮಾನ ಕೊಟ್ಟರು. ಆ ವಾರವೆಲ್ಲ ಅವಳು ಅಭ್ಯಾಸ ಮಾಡಿದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಕಾಗೆಗೆ "ಗೋ" ಅಂದಳು, ಕಾಗೆ ಹಾರಿತು. ಬಾಗಿಲಿಗೆ ಬಂದ ಬೆಕ್ಕಿಗೆ "ಗೋ" ಅಂದಳು, ಬೆಕ್ಕು ಹೋಯಿತು. ಮಾತೇನೋ ನಾಲಿಗೆಗೆ ಹತ್ತಿತು. ಆದರೆ ಕಾಗೆ ಮತ್ತೆ ಬರಲಿಲ್ಲ, ಬೆಕ್ಕು ಕೂಡ ಎರಡು ದಿನ ಮುಖ ತೋರಿಸಲಿಲ್ಲ. ಇದನ್ನು ಅವಳು ಗಮನಿಸಿದಳು.

ಶನಿವಾರ ಶೇಷಗಿರಿ ಭಾವನ ಕಚೇರಿಗೆ ಫೋನ್ ಮಾಡಿದ. ಅಮ್ಮ ಬಚ್ಚಲಲ್ಲಿ ಜಾರಿದ್ದಾಳೆ, ಮೂಳೆ ಮುರಿದಿಲ್ಲ, ಕಾಲು ಊದಿದೆ. ಭಾನುವಾರ ವೇಣಿ ಬರ್ತಾಳಲ್ಲ ಅಂತ ಬೆಳಗಿನಿಂದ ಅದನ್ನೇ ಕೇಳುತ್ತಿದ್ದಾಳೆ.

ಭಾನುವಾರ ಬೆಳಿಗ್ಗೆ ಕೃಷ್ಣವೇಣಿ ಹುಳಿಯನ್ನದ ಡಬ್ಬಿ, ನೋವಿಗೆ ಕಾಯಿಸಿದ ಎಣ್ಣೆಯ ಸೀಸೆ ಎರಡನ್ನೂ ಹಿಂದಿನ ಸೀಟಿನಲ್ಲಿಟ್ಟು, ಕುಲದೇವರಿಗೆ ಕೈಮುಗಿದು ರಸ್ತೆಗೆ ಬಂದಳು. ಎದುರು ಮನೆಯ ಬೈರಮ್ಮ ಸಗಣಿ ತಟ್ಟುತ್ತಿದ್ದವಳು ಕೈ ತೊಳೆದು ಬಂದು ನಿಂತಳು. ಹಗ್ಗ ತಂದಿರಲಿಲ್ಲ. ಎಲ್ಲಿದೆ ಅಂತ ಮಾತ್ರ ನೋಡಿಟ್ಟಿದ್ದಳು.

"ರೆಡಿಯೇನೇ?" ಒಳಗಿನಿಂದ ಸೇತುರಾಮಯ್ಯ.

"ಹೂಂ. ಕಮ್," ಅಂದಳು ಕೃಷ್ಣವೇಣಿ. "ಕಮ್, ಕಮ್, ಕಮ್."

ಕಾರು ಗೇಟು ದಾಟಿತು. ಬಾಲ ತುಸು ವಾರೆಯಾಗಿ ಮೋರಿಯ ಕಡೆಗೆ ತಿರುಗಿತು. ಚಕ್ರ ಅಂಚಿಗೆ ಬಂದು ಒಂದು ಮಣ್ಣಹೆಂಟೆ ಪುಳಕ್ಕನೆ ನೀರಿಗೆ ಬಿತ್ತು.

"ಸ್ಟಾಪ್," ಅಂದಳು. ಅದಕ್ಕೇನೂ ದೋಷವಿರಲಿಲ್ಲ. ಕಾರು ನಿಂತಿತು.

"ಈಗ ಹೇಳು, ಅದೇ ಮಾತು."

ಅವಳು ಬಾಯಿ ತೆರೆದಳು. ಗಾಜಿನಲ್ಲಿ ಗಂಡನ ಪಟ್ಟಿ ಕಟ್ಟಿದ ಕತ್ತು, ಅದರ ಮೇಲೆ ಉಳಿದ ನಾಲ್ಕು ನರೆಗೂದಲು ಕಾಣುತ್ತಿದ್ದವು. ಬಾಯಿ ಮುಚ್ಚಿದಳು.

"ಹೇಳೇ. ಬ್ರೇಕ್ ಮೇಲಿನ ಕಾಲು ನಡುಗ್ತಾ ಇದೆ."

"ಅದೇನ್ ಏಳ್ಬೇಕವ್ವ?" ಅಂತ ಬೈರಮ್ಮ ಕೇಳಿದಳು.

"ಹೋಗಿ ಅಂತ ಹೇಳಬೇಕು ಬೈರಮ್ಮ. ಬಾಯಿ ಬರ್ತಿಲ್ಲ. ನೀನಾದರೂ ಹೇಳು."

"ನಾನಾ? ಐನೋರ್ಗಾ?" ಬೈರಮ್ಮ ಹಿಂದಕ್ಕೆ ಸರಿದಳು. "ನನ್ ಗಂಡಂಗಾದ್ರೆ ಒತ್ತಾರೆಯಿಂದ ಓಗು ಓಗು ಅಂತಾನೇ ಇರ್ತೀನಿ. ಅವ್ನೆಲ್ ಓಯ್ತಾನೆ, ಇಲ್ಲೇ ಬಿದ್ದಿರ್ತಾನೆ. ನಿಮ್ಮೋರು ನೇಮಸ್ತರು. ಓಗು ಅಂದ್ರೆ ನಿಜವಾಗ್ಲೂ ಓಗ್ಬುಟ್ರೆ ಏನ್ ಗತಿ? ನಂಗ್ ಬ್ಯಾಡ ಈ ಪಾಪ."

ಕಾರು ಸ್ವಲ್ಪ ಜಗ್ಗಿತು. ಇನ್ನೊಂದು ಹೆಂಟೆ ಬಿತ್ತು.

"ಕೃಷ್ಣವೇಣಿ," ಸೇತುರಾಮಯ್ಯನವರ ದನಿ ಸಣ್ಣದಾಯಿತು, "ನಾಳೆ ಪಂಚಪ್ಪನ್ನ ಕರೆಸಲಾ?"

ಅವಳು ಸುತ್ತ ನೋಡಿದಳು. ಮೋರಿ ಇಲ್ಲಿದೆ, ತಾನು ಇಲ್ಲಿದ್ದೇನೆ. ಕಾರು ಇರಬೇಕಾದ್ದು ಅಲ್ಲಿ, ತುಳಸಿಯ ಕಡೆಗೆ. ಬನ್ನಿ ಅಂದರೆ ತಾನಿರುವ ಕಡೆಗೆ ಬರುತ್ತಾರೆ. ತಾನು ಇಲ್ಲಿ ಯಾಕೆ ನಿಂತಿರಬೇಕು?

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದಳು, ಗೇಟಿನ ಕಂಬಕ್ಕೂ ಕಾರಿಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ನುಸುಳಿದಳು, ಓಡಿ ಹೋಗಿ ತುಳಸಿಕಟ್ಟೆಯ ಪಕ್ಕ ನಿಂತು ತಿರುಗಿದಳು. ಗಂಡನ ಮುಖ ಎದುರಿಗೇ ಕಂಡಿತು. ಗಾಬರಿ, ಬೆವರು.

"ಬನ್ನಿ," ಅಂದಳು, ಊಟಕ್ಕೆ ಕರೆಯುವ ಹಾಗೆ.

ಸೇತುರಾಮಯ್ಯ ಬಂದರು. ಚಕ್ರ ಮೋರಿಯ ಅಂಚು ಬಿಟ್ಟು, ಅಕ್ಕರೆಯಿಂದ ಅನ್ನುವಂತೆ, ಮುಂದಕ್ಕೆ ಉರುಳಿತು.

"ನಿಲ್ಲಿ," ಅಂದಳು. ಮತ್ತೆ ನುಸುಳಿ ರಸ್ತೆಗೆ ಓಡಿದಳು. "ಈಗ ಇಲ್ಲಿಗೆ ಬನ್ನಿ." ಅವರು ಸ್ಟೀರಿಂಗ್ ತಿರುಗಿಸಿ ಹಿಂದಕ್ಕೆ ಬಂದರು. ಇನ್ನೂ ಸ್ವಲ್ಪ ವಾರೆ. ಅವಳು ಮತ್ತೆ ತುಳಸಿಯ ಕಡೆ ಓಡಿದಳು, ಮತ್ತೆ ಬನ್ನಿ, ಮತ್ತೆ ರಸ್ತೆ, ಮತ್ತೆ ಬನ್ನಿ. ಮುಡಿ ಬಿಚ್ಚಿಕೊಂಡಿತು, ಒಂದು ಚಪ್ಪಲಿ ಗೇಟಿನಲ್ಲೇ ಉಳಿಯಿತು. ಕೊನೆಗೊಮ್ಮೆ ಕಾರು ಪೂರ್ತಿ ರಸ್ತೆಗೆ ಬಂದು, ಮೋರಿಯಿಂದ ಮರ್ಯಾದೆಯ ದೂರದಲ್ಲಿ, ಹೆಬ್ಬಾಳದ ದಿಕ್ಕಿಗೆ ಮುಖ ಮಾಡಿ ನಿಂತಿತು.

ಬೈರಮ್ಮ ಚಪ್ಪಲಿ ತಂದುಕೊಟ್ಟಳು. "ಇಷ್ಟೆಯಾ," ಅಂದಳು ತುಸು ಬೇಜಾರಿನಿಂದ.

ಜಕ್ಕೂರು ದಾಟಿದ ಮೇಲೆ ಸೇತುರಾಮಯ್ಯ ಗಂಟಲು ಸರಿಮಾಡಿಕೊಂಡರು. "ಒಂದು ಎರಡಕ್ಷರದ ಮಾತಿಗೆ ಇಷ್ಟು ಓಡಾಟವೇ?"

"ಕಾಲು ನನ್ನದಲ್ವಾ," ಅಂದಳು ಅವಳು, ಬಿಚ್ಚಿದ ಮುಡಿ ಕಟ್ಟಿಕೊಳ್ಳುತ್ತಾ. "ಪಂಚಪ್ಪನ್ನ ಕರೆಸಲ್ಲ ತಾನೇ?"

"ಚಕ್ರ ಇಳಿಯಲಿಲ್ಲವಲ್ಲ," ಅಂದರು ಅವರು, ಕಾನೂನು ನೋಡಿ ಹೇಳುವವರ ಹಾಗೆ.

ಯಲಹಂಕದಲ್ಲಿ ಕೌಸಲ್ಯಮ್ಮ ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತೇ ಇದ್ದಳು. ಎಣ್ಣೆ ಹಚ್ಚಿಸಿಕೊಂಡಳು, ಹುಳಿಯನ್ನಕ್ಕೆ ಉಪ್ಪು ಕಡಿಮೆ ಅಂದಳು, ಎರಡು ಸಲ ಹಾಕಿಸಿಕೊಂಡು ತಿಂದಳು. ಹೊರಡುವ ಹೊತ್ತಾಯಿತು. ಹಳೇ ಊರಿನ ಬೀದಿ ಆರ್.ಟಿ. ನಗರದ್ದಕ್ಕಿಂತ ಇಕ್ಕಟ್ಟು. ಕಾರು ತಿರುಗಿಸಲು ಕೃಷ್ಣವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡತೊಡಗಿದಳು.

ಕೌಸಲ್ಯಮ್ಮ ಸ್ವಲ್ಪ ಹೊತ್ತು ನೋಡಿದಳು. "ಅದೇನೇ ವೇಣಿ, ಕಾರಿಗೆ ಪ್ರದಕ್ಷಿಣೆ? ಹರಕೆಯಾ?"

ಕೃಷ್ಣವೇಣಿ ಜಗಲಿಯ ಕಂಬ ಹಿಡಿದು ನಿಂತಳು. "ಹೋಗಿ ಅನ್ನಬಾರದಲ್ಲಮ್ಮಾ. ತಾತನಿಗೆ ಆದ ಹಾಗೆ ಆದರೆ?"

"ತಾತನಿಗೇನಾಯ್ತು?"

"ಹೋಗ್ತೀನಿ ಅಂತ ಹೋದವರು ಬರಲೇ ಇಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ. ದಾರೀಲಿ ತೀರಿಕೊಂಡರಲ್ವಾ?"

"ತೀರಿಕೊಂಡರು ಅಂತ ಯಾರಂದರು? ಬರಲಿಲ್ಲ ಅಂದೆ." ಕೌಸಲ್ಯಮ್ಮ ಸುತ್ತ ನೋಡಿ ದನಿ ತಗ್ಗಿಸಿದಳು. ತಗ್ಗಿಸಿದರೂ ಕಿವಿ ಮಂದವಾದ್ದರಿಂದ ಅದು ಬೀದಿಗೆಲ್ಲ ಕೇಳಿಸಿತು. "ಚಿಕ್ಕಬಾಣಾವರದಲ್ಲಿ ಇನ್ನೊಂದು ಸಂಸಾರ ಹೂಡಿದರು. ಗಟ್ಟಿಮುಟ್ಟಾಗಿ ಎಂಬತ್ತು ದಾಟಿ ಬದುಕಿದ್ದರು. ಮಕ್ಕಳ ಮುಂದೆ ಅದನ್ನೆಲ್ಲ ಹೇಳೋಕಾಗುತ್ತಾ? ವರ್ಷ ವರ್ಷ ನಿಮ್ಮಜ್ಜಿಗೆ ಮಾವಿನಹಣ್ಣಿನ ಬುಟ್ಟಿ ಕಳಿಸ್ತಿದ್ದರು. ಅವಳು ಎಮ್ಮೆಗೆ ಹಾಕ್ತಿದ್ದಳು."

ಕಾರಿನೊಳಗೆ ಸೇತುರಾಮಯ್ಯನವರಿಗೂ ಕೇಳಿಸಿತ್ತು. ಅವರ ಮುಖದಲ್ಲಿ ಗೆಲುವು ಕಂಡಿತು. ಕಿಟಕಿಯಿಂದ ಕೈ ಹೊರಗೆ ಹಾಕಿದರು. "ಕೇಳಿಸಿತಾ? ಸಾವೂ ಇಲ್ಲ, ಅಪಶಕುನವೂ ಇಲ್ಲ. ಇನ್ನಾದರೂ ಅಲ್ಲೇ ನಿಂತು ಗೋ ಅಂದುಬಿಡು."

ಕೃಷ್ಣವೇಣಿ ಗಂಡನನ್ನು ನೋಡಿದಳು. ಇಸ್ತ್ರಿ ಅಂಗಿ. ಪಟ್ಟಿಯ ಮೇಲೆ ಸ್ವಲ್ಪ ಪೌಡರು. ಕೈಯಲ್ಲಿ ಕಾರಿನ ಸ್ಟೀರಿಂಗು. ಅಲ್ಲಿಂದ ಚಿಕ್ಕಬಾಣಾವರಕ್ಕೆ ಒಳ್ಳೆಯ ರಸ್ತೆಯೇ ಇತ್ತು.

ಹಾವು ಕಚ್ಚುವುದು, ರೈಲಿಗೆ ಸಿಕ್ಕುವುದು, ಇವೆಲ್ಲ ದೈವದ ಕೈಲಿರುವಂಥವು. ಇದು ಬೇರೆ.

ಸಿಕ್ಕಿಸಿದ್ದ ಸೆರಗನ್ನು ಅವಳು ಇನ್ನೊಂದು ಸುತ್ತು ಬಿಗಿ ಮಾಡಿದಳು. ಗೋಡೆಗೂ ಕಾರಿಗೂ ನಡುವೆ ಮೊದಲಿಗಿಂತ ಚುರುಕಾಗಿ ನುಸುಳಿ, ಮುಂದೆ ಓಡಿ, ಬೀದಿಯ ನಡುಮಧ್ಯೆ ಎರಡೂ ಕೈ ಚಾಚಿ ನಿಂತಳು.

"ಬನ್ನಿ," ಅಂದಳು, ಈ ಸಲ ಎಂಜಿನ್ನಿನ ಸದ್ದೇ ಅಡಗುವ ಹಾಗೆ. "ನನ್ನ ಕಡೆಗೇ ಬನ್ನಿ."

ಕಾರು ತೆಪ್ಪಗೆ ಬಂತು.